ಜಾಲಿಮುಳ್ಳು, ಬೆಂಕಿಕಡ್ಡಿ ಮತ್ತು ವಿಜ್ಞಾನ ಪಾಠ

ವಿಜ್ಞಾನವನ್ನು ಬಾಯಿಪಾಠ ಮಾಡಬಾರದು, ಮಾಡಿ ನೋಡಿ ಕಲಿಯಬೇಕು ಎಂಬ ಮಾತನ್ನು ಅಲ್ಲಗಳೆಯುವವರು ವಿರಳ. ಆದರೂ ನಿಮ್ಮ ಮಗುವಿನ ವಿಜ್ಞಾನದ ಪುಸ್ತಕವನ್ನು ಬಿಡಿಸಿ ನೋಡಿದರೆ ಅಡಿಗೆರೆ ಎಳೆದ ವ್ಯಾಖ್ಯೆಗಳೂ ಪರೀಕ್ಷೆಗೆ ಬರಬಹುದಾದ ಪ್ರಶ್ನೆಗಳೂ ಕಣ್ಣಿಗೆ ಬೀಳುವುದೇ ಹೆಚ್ಚು. ಇದಕ್ಕೆ ನಾವು ಕೊಡುವ ಕಾರಣಗಳು ಸದಾ ಸಿದ್ಧವಾಗಿರುತ್ತವೆ: ಪ್ರಯೋಗಾಲಯವಿಲ್ಲ, ಹಣವಿಲ್ಲ, ಹಳ್ಳಿಯ ಮಕ್ಕಳಿಗೆ ಅದು ಎಟುಕುವುದಿಲ್ಲ, ಪರೀಕ್ಷೆಗೆ ಬೇಕಾದುದೇ ಬೇರೆ. ಈ ಕಾರಣಗಳನ್ನು ಒಂದೊಂದಾಗಿ ಒರೆಗೆ ಹಚ್ಚಿದ ಪ್ರಯತ್ನವೊಂದು ನಮ್ಮ ದೇಶದಲ್ಲಿಯೇ ಮೂವತ್ತು ವರ್ಷಗಳ ಕಾಲ ನಡೆಯಿತು. ಆ ಇತಿಹಾಸವನ್ನು ತಂದೆತಾಯಿಯರಾದ ನೀವು ತಿಳಿದಿರುವುದು ಒಳ್ಳೆಯದು.

ಮಧ್ಯಪ್ರದೇಶದಲ್ಲಿ ನರ್ಮದಾ ನದಿಯ ದಂಡೆಯ ಮೇಲೆ ಹೋಶಂಗಾಬಾದ್ ಎಂಬ ಜಿಲ್ಲೆಯಿದೆ. 2022ರಿಂದ ಅದಕ್ಕೆ ನರ್ಮದಾಪುರಂ ಎಂಬ ಹೆಸರು. 1972ರಲ್ಲಿ ಅಲ್ಲಿನ ಎರಡು ಸ್ವಯಂಸೇವಾ ಸಂಸ್ಥೆಗಳು ಒಂದು ಕಾರ್ಯಕ್ಕೆ ಕೈಹಾಕಿದವು. ಒಂದು, ಕಿಶೋರ್ ಭಾರತಿ. ಅದನ್ನು ಸ್ಥಾಪಿಸಿದ ಅನಿಲ್ ಸದ್ಗೋಪಾಲ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸವನ್ನು ಬಿಟ್ಟು ಹಳ್ಳಿಗೆ ಬಂದ ವಿಜ್ಞಾನಿ. ಇನ್ನೊಂದು, ರಸೂಲಿಯಾ ಗ್ರಾಮದ ಫ್ರೆಂಡ್ಸ್ ರೂರಲ್ ಸೆಂಟರ್. ಇದು ಕ್ವೇಕರ್ ಪಂಥದ ಕ್ರೈಸ್ತರು ಕಟ್ಟಿ ಬೆಳೆಸಿದ ಸೇವಾಸಂಸ್ಥೆ. ಎರಡೂ ಸಂಸ್ಥೆಗಳು ರಾಜ್ಯ ಸರ್ಕಾರದ ಅನುಮತಿ ಪಡೆದು 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ, ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ವಿಜ್ಞಾನವನ್ನು ಪ್ರಯೋಗಗಳ ಮೂಲಕವೇ ಕಲಿಸಲು ಹೊರಟವು. ಇದೇ ಮುಂದೆ 'ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ' ಎಂದು ಹೆಸರಾಯಿತು. ಟಾಟಾ ಸಂಸ್ಥೆಯ ವಿಜ್ಞಾನಿಗಳೂ ದೆಹಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರೂ ಇದಕ್ಕೆ ಹೆಗಲು ಕೊಟ್ಟರು. ಆರಿಸಿಕೊಂಡದ್ದು ಪಟ್ಟಣದ ಪ್ರತಿಷ್ಠಿತ ಶಾಲೆಗಳನ್ನಲ್ಲ, ಪ್ರಯೋಗಾಲಯವೇ ಇಲ್ಲದ ಹಳ್ಳಿಶಾಲೆಗಳನ್ನು ಎಂಬುದನ್ನು ಗಮನಿಸಿ.

ಈ ಕಾರ್ಯಕ್ರಮಕ್ಕಾಗಿ 'ಬಾಲ ವೈಜ್ಞಾನಿಕ್' ಎಂಬ ಹೆಸರಿನ ಪುಸ್ತಕಗಳು ಸಿದ್ಧವಾದವು. ಕಂಠಪಾಠ ಮಾಡಬೇಕಾದ ವ್ಯಾಖ್ಯೆಗಳಿಗೆ ಅವುಗಳಲ್ಲಿ ಸ್ಥಾನವಿರಲಿಲ್ಲ. ಇದ್ದವು ಪ್ರಯೋಗಗಳು ಹಾಗೂ ಪ್ರಶ್ನೆಗಳು; ಉತ್ತರವನ್ನು ಮಕ್ಕಳು ಚಿಕ್ಕ ಗುಂಪುಗಳಲ್ಲಿ ಕುಳಿತು, ಮಾಡಿ, ಚರ್ಚಿಸಿ, ತಾವೇ ಬರೆದುಕೊಳ್ಳಬೇಕಿತ್ತು. ಅಳತೆಯ ಪಾಠವನ್ನೇ ತೆಗೆದುಕೊಳ್ಳಿ. ಒಂದೇ ಮೇಜನ್ನು ಹತ್ತು ಮಕ್ಕಳು ಅಳೆದರೆ ಹತ್ತು ಬಗೆಯ ಅಂಕಿಗಳು ಬರುತ್ತವೆ. ಸಾಮಾನ್ಯ ತರಗತಿಯಲ್ಲಿ ಉಪಾಧ್ಯಾಯರು 'ಸರಿಯಾದ' ಅಂಕಿಯನ್ನು ಹೇಳಿ ಮುಂದೆ ಸಾಗುತ್ತಾರೆ. ಇಲ್ಲಿ ಆ ವ್ಯತ್ಯಾಸವೇ ಪಾಠವಾಯಿತು: ಅಂಕಿಗಳು ಏಕೆ ಬೇರೆಯಾದವು? ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಹೊಲದ ಮಣ್ಣು, ಮೊಳೆಯುವ ಬೀಜ, ದಾರಿಬದಿಯ ಎಲೆಗಳು ಇವೆಲ್ಲವೂ ಪಾಠದ ಸಾಮಗ್ರಿಗಳಾದವು.

ಹಣದ ಪ್ರಶ್ನೆಗೆ ಉತ್ತರ ಊರಿನ ಬೇಲಿಯಲ್ಲೇ ದೊರೆಯಿತು. ಹೂವಿನ ಭಾಗಗಳನ್ನು ಬಿಡಿಸಿ ನೋಡಲು ಲೋಹದ ಸೂಜಿ ಬೇಕೆಂದಾಗ ಮಕ್ಕಳು ಜಾಲಿಯ ಮುಳ್ಳನ್ನು ತಂದರು; ಕೆಲಸ ಸೊಗಸಾಗಿ ಸಾಗಿತು. ಅರವಿಂದ ಗುಪ್ತಾ ಎಂಬ ಎಂಜಿನಿಯರು 1978ರಲ್ಲಿ ಕಾರ್ಖಾನೆಯ ಉದ್ಯೋಗದಿಂದ ರಜೆ ಪಡೆದು ಇಲ್ಲಿಗೆ ಬಂದರು. ಸೈಕಲ್ ವಾಲ್ವಿನ ತೆಳು ರಬ್ಬರ್ ನಳಿಗೆಯನ್ನು ಚೂರು ಮಾಡಿ, ಆ ಚೂರುಗಳ ತುದಿಗಳಿಗೆ ಬೆಂಕಿಕಡ್ಡಿಗಳನ್ನು ಸಿಕ್ಕಿಸಿ ಬಗೆಬಗೆಯ ಆಕೃತಿಗಳನ್ನು ಕಟ್ಟುವ ವಿಧಾನವನ್ನು ಅವರು ರೂಪಿಸಿದರು. ನಾಲ್ಕು ಕಡ್ಡಿಗಳ ಚೌಕವನ್ನು ಒತ್ತಿದರೆ ಅದು ವಾಲಿ ಓರೆಯಾಗುತ್ತದೆ. ಮೂರು ಕಡ್ಡಿಗಳ ತ್ರಿಕೋನ ಒತ್ತಿದರೂ ಆಕಾರಗೆಡದು. ಹಂಚಿನ ಮಾಡನ್ನು ಹೊರುವ ತೊಲೆಗಳನ್ನು ತ್ರಿಕೋನಾಕಾರದಲ್ಲಿ ಏಕೆ ಜೋಡಿಸುತ್ತಾರೆಂಬುದು ಇದನ್ನು ಮಾಡಿ ನೋಡಿದ ಮಗುವಿಗೆ ತಾನಾಗಿಯೇ ತಿಳಿಯುತ್ತದೆ. ಮುಂದಿನ ಭಾನುವಾರ ಹಳೆಯ ದೇವಾಲಯವೊಂದಕ್ಕೆ ಹೋದಾಗ ತಲೆಯೆತ್ತಿ ಮಾಡನ್ನು ನೋಡಿರಿ.

ಆದರೆ ಪಾಠ ಬದಲಾಗಿ ಪರೀಕ್ಷೆ ಹಳೆಯದೇ ಉಳಿದರೆ ಏನಾಗುತ್ತದೆಂಬುದು ನಮಗೆಲ್ಲ ಗೊತ್ತಿದೆ. ಆದ್ದರಿಂದ ಪರೀಕ್ಷೆಯನ್ನೂ ಬದಲಿಸಲಾಯಿತು. ಮಕ್ಕಳು ಪುಸ್ತಕವನ್ನು ಪರೀಕ್ಷೆಯ ಕೊಠಡಿಗೆ ತರಬಹುದಿತ್ತು. ಪುಸ್ತಕದಲ್ಲಿ ಉತ್ತರವೇ ಇಲ್ಲದಿರುವಾಗ ನಕಲು ಮಾಡುವುದಾದರೂ ಏನನ್ನು? ಪ್ರಯೋಗ ಮಾಡಿ ತೋರಿಸುವುದೂ ಪರೀಕ್ಷೆಯ ಅಂಗವಾಯಿತು.

ಉಪಾಧ್ಯಾಯರಿಗೆ ಬೇಸಿಗೆಯಲ್ಲಿ ತರಬೇತಿ ಶಿಬಿರಗಳು ನಡೆದವು. ತಿಂಗಳಿಗೊಮ್ಮೆ ಅವರು ಒಂದೆಡೆ ಕೂಡಿ ತಮ್ಮ ತೊಡಕುಗಳನ್ನು ಹೇಳಿಕೊಂಡರು. ಎಲ್ಲವನ್ನೂ ಬಲ್ಲವರೆಂಬ ಗೌರವದಲ್ಲಿ ಬೆಳೆದುಬಂದ ಗುರುವಿಗೆ ಮಕ್ಕಳೆದುರು 'ನನಗೂ ತಿಳಿಯದು, ಸೇರಿ ನೋಡೋಣ' ಎನ್ನುವುದು ಸುಲಭದ ಮಾತಲ್ಲ. ಈ ಕಾರ್ಯಕ್ರಮ ಅವರಿಂದ ಬಯಸಿದ್ದು ಆ ವಿನಯವನ್ನೇ. ಮಕ್ಕಳ ಪ್ರಶ್ನೆಗಳಿಗಾಗಿ 'ಸವಾಲೀರಾಮ್' ಎಂಬ ಕಾಲ್ಪನಿಕ ವ್ಯಕ್ತಿಯನ್ನೂ ಸೃಷ್ಟಿಸಲಾಗಿತ್ತು. ಹಳ್ಳಿಯ ಮಕ್ಕಳು ಅವನಿಗೆ ಪತ್ರ ಬರೆದು ತಮ್ಮ ಸಂಶಯಗಳನ್ನು ಕೇಳುತ್ತಿದ್ದರು; ಅವರಿಗೆ ಉತ್ತರವೂ ಬರುತ್ತಿತ್ತು.

1978ರಲ್ಲಿ ಕಾರ್ಯಕ್ರಮವು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಇದನ್ನು ಮುನ್ನಡೆಸಲು 'ಏಕಲವ್ಯ' ಎಂಬ ಸಂಸ್ಥೆ ಹುಟ್ಟಿಕೊಂಡಿತು. ಕಾಲಕ್ರಮದಲ್ಲಿ ರಾಜ್ಯದ ಹಲವು ಜಿಲ್ಲೆಗಳ ಸುಮಾರು 1000 ಶಾಲೆಗಳ, ಸುಮಾರು 1 ಲಕ್ಷ ಮಕ್ಕಳು ಈ ವಿಧಾನದಲ್ಲಿ ಕಲಿತರು. ಆದರೆ 2002ರಲ್ಲಿ ರಾಜ್ಯ ಸರ್ಕಾರ ಇದನ್ನು ನಿಲ್ಲಿಸಿಬಿಟ್ಟಿತು. ದೇಶದ ಅನೇಕ ವಿಜ್ಞಾನಿಗಳೂ ಶಿಕ್ಷಣತಜ್ಞರೂ ಪ್ರತಿಭಟಿಸಿದರು, ಫಲ ಸಿಗಲಿಲ್ಲ. ಮೂವತ್ತು ವರ್ಷಗಳಲ್ಲಿ ಬೆಳೆದುದನ್ನು ನಿಲ್ಲಿಸಲು ಒಂದು ಸರ್ಕಾರಿ ತೀರ್ಮಾನ ಸಾಕಾಯಿತು.

ಹಾಗಾದರೆ ಇದು ಸೋತವರ ಕಥೆಯೇ? ಹಾಗೆನ್ನಲಾಗದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಶಾಲೆಯ ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಬೆಸೆಯಬೇಕು, ಬಾಯಿಪಾಠದಿಂದ ಕಲಿಕೆಯನ್ನು ಬಿಡಿಸಬೇಕು ಎಂದು ಇಡೀ ದೇಶಕ್ಕೆ ಹೇಳಿತು. ಅದನ್ನು ರೂಪಿಸಿದ ಸಮಿತಿಯ ಅಧ್ಯಕ್ಷರಾಗಿದ್ದವರು, ಒಂದು ಕಾಲದಲ್ಲಿ ಟಾಟಾ ಸಂಸ್ಥೆಯಲ್ಲಿದ್ದ ಭೌತವಿಜ್ಞಾನಿ ಯಶ್‌ಪಾಲ್. ಕಸದಿಂದ ವಿಜ್ಞಾನದ ಆಟಿಕೆಗಳನ್ನು ಮಾಡಲು ಕಲಿಸುತ್ತಾ ನಡೆದ ಅರವಿಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಏಕಲವ್ಯ ಸಂಸ್ಥೆಯ ಪುಸ್ತಕಗಳು ಇಂದಿಗೂ ಮಕ್ಕಳ ಕೈ ಸೇರುತ್ತಿವೆ.

ಆದರೂ ಒಂದು ಪ್ರಶ್ನೆ ನಮ್ಮೆದುರು ಉಳಿಯುತ್ತದೆ. ಪ್ರಯೋಗಾಲಯ, ಹಣ, ಹಳ್ಳಿಯ ಮಕ್ಕಳ ಯೋಗ್ಯತೆ, ಪರೀಕ್ಷೆ ಇವು ಯಾವುವೂ ನಿಜವಾದ ಅಡ್ಡಿಗಳಲ್ಲವೆಂದು ಹೋಶಂಗಾಬಾದ್ ತೋರಿಸಿಕೊಟ್ಟಿತು. ಹಾಗಿದ್ದರೆ ಅಡ್ಡಿ ಎಲ್ಲಿದೆ? ಅದರ ಒಂದು ಪಾಲು ನಮ್ಮ ಮನೆಗಳಲ್ಲಿಯೇ ಇದೆ ಎಂದು ನನಗನಿಸುತ್ತದೆ. ಶಾಲೆಯಿಂದ ಬಂದ ಮಗುವನ್ನು 'ಎಷ್ಟು ಅಂಕ ಬಂತು?' ಎಂದು ಕೇಳುವವರು ನಾವು. 'ಇಂದು ಏನನ್ನು ಕಂಡೆ?' ಎಂದು ಕೇಳುವವರು ಎಷ್ಟು ಮಂದಿ? ಮಕ್ಕಳನ್ನು ಬೀಜ ನೆಡಲು, ಎಲೆ ಆರಿಸಲು ಕರೆದೊಯ್ದ ಶಿಕ್ಷಕಿಯನ್ನು, ಪಾಠ ಮುಗಿಸದೆ ಹೊತ್ತು ಕಳೆಯುತ್ತಾರೆಂದು ಪೋಷಕರ ಸಭೆಯಲ್ಲಿ ದೂರಿದರೆ ಆಕೆ ಮರುದಿನದಿಂದ ಟಿಪ್ಪಣಿ ಬರೆಯಿಸುವುದಕ್ಕೇ ಮರಳುತ್ತಾರೆ. ಒಳ್ಳೆಯ ಪಾಠವೊಂದು ಅಳಿಯಲು ಸರ್ಕಾರದ ಆದೇಶವೇ ಬೇಕೆಂದಿಲ್ಲ.

ಪ್ರಯೋಗಕ್ಕೆ ಅಡುಗೆಮನೆಯೂ ಸಾಕು. ಅರಿಶಿನದ ಕಲೆಯಾದ ಬಟ್ಟೆಗೆ ಸಾಬೂನು ಹಚ್ಚಿದರೆ ಕಲೆ ಕೆಂಪಾಗುತ್ತದೆ. ಅದರ ಮೇಲೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠ ಇದಕ್ಕಿಂತ ಬೇರೆಯಲ್ಲ. ಏಕೆ ಹೀಗಾಗುತ್ತದೆಂದು ಮಗು ಕೇಳಿದಾಗ ನಿಮಗೆ ಉತ್ತರ ತಿಳಿಯದೆ ಹೋದರೆ ನಾಚಬೇಡಿ, ಗದರಿಸಿ ಸುಮ್ಮನಿರಿಸಲೂ ಬೇಡಿ. ಹುಣಿಸೆಹುಳಿಯಿಂದ ಏನಾಗುತ್ತದೆ, ಸುಣ್ಣದ ತಿಳಿನೀರಿನಿಂದ ಏನಾಗುತ್ತದೆ ಎಂದು ಮಗುವಿನೊಡನೆ ಕುಳಿತು ಮಾಡಿ ನೋಡಿ, ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದಿಡಲು ಹೇಳಿರಿ. ಮರುದಿನ ಮಗು ಆ ಹಾಳೆಯನ್ನು ಶಾಲೆಗೆ ಒಯ್ದು ತನ್ನ ಶಿಕ್ಷಕಿಗೆ ತೋರಿಸಲಿ.