ಗೌಲಿ ಮತ್ತು ಸೌತೆಬೀಜ

ರಾಮದುರ್ಗ ತಾಲೂಕಿನ ಸುರೇಬಾನವು ಶಬರಿಕೊಳ್ಳದ ಮೂಲಕ ನಾಡಿಗೆ ಪರಿಚಿತವಾದ ಊರು. ಶಬರಿಯು ಶ್ರೀರಾಮನಿಗೆ ಬೋರೆಹಣ್ಣನ್ನಿತ್ತ ಸ್ಥಳವಿದೆಂದು ಜನರ ನಂಬುಗೆ. ಆ ಕಥೆಯನ್ನು ಬಲ್ಲವರು ಬಹಳ. ಈ ಸೀಮೆಯ ಹೆಂಗಸರು ಬೆರಳತುದಿಯಲ್ಲಿ ಹೊಸೆಯುತ್ತ ಬಂದ ಗೌಲಿಯ ಕಥೆಯನ್ನು ಬರೆದಿಟ್ಟವರು ವಿರಳ.

ಗೌಲಿಯೆಂದರೆ ಗೋಧಿಯ ಕಣಕದಿಂದ ಮಾಡಿದ ಅಕ್ಕಿಕಾಳಿನಷ್ಟು ಸಣ್ಣ ಕಾಳು. ತುಸು ನೀಳವೂ ಚಪ್ಪಟೆಯೂ ಆದರೆ ಅದು ಸೌತೆಬೀಜ. ಮರಾಠಿ ಮನೆಗಳಲ್ಲಿ ಇದಕ್ಕೇ ಗವ್ಹಲೆ ಎನ್ನುವರು. 1948ರ ವರೆಗೆ ಭಾವೆ ಮನೆತನದ ಸಂಸ್ಥಾನವಾಗಿದ್ದ ರಾಮದುರ್ಗದಲ್ಲಿ ಎರಡೂ ಭಾಷೆಗಳು ಒಂದೇ ಓಣಿಯಲ್ಲಿ ಬಾಳಿದುದರಿಂದ ಇದರಲ್ಲಿ ಸೋಜಿಗವೇನಿಲ್ಲ.

ಇಂಥ ಪದಾರ್ಥಗಳನ್ನು ಕಂಡೊಡನೆ ಇಟಲಿಯ ಅನುಕರಣವೆನ್ನುವ ವಿದ್ಯಾವಂತರೂ ಇರುವರು. ಇಟಲಿಯಲ್ಲಿ ‘ಓರ್ಜೊ’ ಎಂಬ ಸಣ್ಣ ಕಾಳಿನಾಕಾರದ ಪಾಸ್ತಾ ಇರುವದು ನಿಜ. ಆ ಶಬ್ದಕ್ಕೆ ಜವೆಯೆಂದು ಅರ್ಥ. ಆದರೆ ಮಾಡುವದು ಗೋಧಿಯಿಂದ. ಅವರು ಅದನ್ನು ಬಹುಶಃ ಸಾರಿನಲ್ಲಿ ಬೇಯಿಸುವರು. ಸಿಸಿಲಿಯ ತ್ರಾಬಿಯಾ ಎಂಬಲ್ಲಿ ಹಿಟ್ಟಿನ ಎಳೆಗಳನ್ನು ಮಾಡಿ ಪರನಾಡುಗಳಿಗೆ ಕಳುಹಿಸುತ್ತಿದ್ದರೆಂದು ಅರಬ ಭೂಗೋಳಜ್ಞನಾದ ಅಲ್ ಇದ್ರೀಸಿಯು 1154ರಲ್ಲಿ ಬರೆದನು. ನಮ್ಮ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವಾದರೋ 1025ರ ಸುಮಾರಿನದು, ಅದರಲ್ಲಿಯೇ ಶಾವಿಗೆಯ ವಿಧಾನವೂ ಒತ್ತುವ ಸಾಧನವೂ ಉಕ್ತವಾಗಿವೆ. ಹಾಗೆಂದು ಇಟಲಿಯವರು ನಮ್ಮಿಂದ ಕಲಿತರೆಂದು ಬೀಗಬೇಕಾಗಿಲ್ಲ. ಗೋಧಿಯನ್ನು ಬೆಳೆದು, ಬಿಸಿಲಿನಲ್ಲಿ ಒಣಗಿಸಿ, ವರ್ಷಕ್ಕೆ ಕಾದಿಡಬೇಕಾದ ಜನರಿಗೆ ಈ ಯುಕ್ತಿ ತಾನಾಗಿಯೇ ಹೊಳೆಯತಕ್ಕದ್ದು. ಇಲ್ಲಿಯ ಜವೆಗೋಧಿಯೂ ಇಟಲಿಯವರ ‘ಫಾರ್ರೊ’ ಎಂಬ ಧಾನ್ಯವೂ ಒಂದೇ ಜಾತಿಯವು.

ಶಾವಿಗೆಗೆ ಒರಳಾದರೂ ಮಣೆಯಾದರೂ ಬೇಕು. ಗೌಲಿಗೆ ಬೇಕಾದುದು ಎರಡು ಬೆರಳು ಮತ್ತು ತಾಳ್ಮೆ. ಹಿಂಗಾರಿಯ ಗೋಧಿ ಮನೆಗೆ ಬಂದು ಬಿಸಿಲೇರಿದ ಮೇಲೆ ಕೆಲಸಕ್ಕೆ ಆರಂಭ. ಗೋಧಿಗೆ ನೀರು ಚಿಮುಕಿಸಿ ಮುಚ್ಚಿಟ್ಟು, ಬೀಸಿ, ತೆಳುವಾದ ಅರಿವೆಯಲ್ಲಿ ಸೋಸಿ, ಸಣ್ಣ ರವೆಯನ್ನು ಗಟ್ಟಿಯಾಗಿ ನಾದುವರು. ಕಣಕದ ಎಳೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು ಒಂದೊಂದೇ ಕಾಳನ್ನು ಕಡಿದು ಬೀಳಿಸಬೇಕು. ಒಂದು ಸೇರು ತುಂಬುವಷ್ಟರಲ್ಲಿ ಮಧ್ಯಾಹ್ನಗಳೆಷ್ಟೋ ಕಳೆಯುವವು. ಆದ್ದರಿಂದಲೇ ಓಣಿಯ ಹೆಂಗಸರೆಲ್ಲರೂ ಕೂಡಿ ಕೂಡ್ರುತ್ತಿದ್ದರು.

ಮದುವೆಯ ಮನೆಯಲ್ಲಿ ಇದು ಬರಿಯ ಅಡಿಗೆಯಲ್ಲ, ಮುಹೂರ್ತದ ಕಾರ್ಯ. ಮುತ್ತೈದೆಯರು ಮೊದಲು ಹೊಸೆದ ಬಳಿಕವೇ ಮಿಕ್ಕವರ ಸರದಿ; ರುಖವತದ ತಟ್ಟೆಗಳಲ್ಲಿಯೂ ಗೌಲಿಗೆ ಸ್ಥಾನವುಂಟು. ಮನೆಯಲ್ಲಿಯೇ ಅತಿ ಸಣ್ಣಗೆ ಹೊಸೆಯಬಲ್ಲ ಕೈ ವಿಧವೆಯದಾಗಿದ್ದರೆ ಆಕೆಯು ಒಳಗಿನ ಕೋಣೆಯಲ್ಲಿರಬೇಕು. ವರ್ಷದ ಖರ್ಚಿನ ಗೌಲಿಗೆ ಆಕೆಯ ಕೈಯೇ ಬೇಕು, ಮದುವೆಯ ಗೌಲಿಗೆ ಬೇಡ! ಈ ಅನ್ಯಾಯವನ್ನು ಸಂಪ್ರದಾಯದ ಸೊಬಗಿನಲ್ಲಿ ಮುಚ್ಚಿಡಲಾಗದು.

ಪಾಯಸದ ಕ್ರಮ ಸುಲಭ. ಗೌಲಿಯನ್ನು ತುಪ್ಪದಲ್ಲಿ ನಸುಗೆಂಪಾಗುವಂತೆ ಹುರಿಯಬೇಕು. ಹುರಿಯದಿದ್ದರೆ ಕಾಳು ಕಾಳಿಗೆ ಅಂಟಿ ಮುದ್ದೆಯಾಗುವದು. ಬಳಿಕ ಕುದಿಯುವ ನೀರಿನಲ್ಲಿ ಬೇಯಿಸಿ ಹಾಲು ಕೂಡಿಸಬೇಕು. ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಿದರೆ ಒಡೆಯುವದರಿಂದ, ಪಾತ್ರೆಯನ್ನು ಒಲೆಯಿಂದಿಳಿಸಿ, ತುಸು ಆರಿದ ಮೇಲೆ ಕರಗಿಸಿ ಸೋಸಿದ ಬೆಲ್ಲವನ್ನೂ ಏಲಕ್ಕಿ ಗಸಗಸೆಗಳನ್ನೂ ಬೆರೆಸುವರು.