ಆಗುಂಬೆ ಸೀಮೆಯ ಮನೋರೋಗಿಗಳು ಮತ್ತು ವೈದ್ಯರ ದೃಷ್ಟಿ: ಒಂದು ಚಾರಿತ್ರಿಕ ಅವಲೋಕನ

ಮಲೆನಾಡಿನ ಜನಪದ ಅಧ್ಯಯನಗಳಲ್ಲಿ ಭೂತ, ಚೌಡಿ, ಪಂಜುರ್ಲಿಗಳ ಆರಾಧನೆಗೆ ದೊರೆತಿರುವಷ್ಟು ಗಮನ, ಆ ಸನ್ನಿಧಿಗಳಿಗೆ ಬಂಧುಗಳು ಕರೆತರುವ ಮನೋರೋಗಿಗಳಿಗೆ ದೊರೆತಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಸೀಮೆಯಲ್ಲಿ ಈ ರೋಗವನ್ನು ಹೆಸರಿಸುವ ಮಾತುಗಳೇ ಒಂದು ಬಗೆಯ ರೋಗನಿದಾನವಾಗಿವೆ. ‘ಮರುಳು’, ‘ತಲೆ ಕೆಟ್ಟಿದೆ’ ಎಂಬ ಮಾತುಗಳು ವ್ಯಕ್ತಿಯಲ್ಲಿಯೇ ದೋಷವನ್ನು ಕಾಣುತ್ತವೆ. ‘ಸೋಂಕು’, ‘ಗಾಳಿ’, ‘ಮೈಮೇಲೆ ಬಂದಿದೆ’ ಎಂಬವು ಆ ದೋಷವನ್ನು ಹೊರಗಿನ ಶಕ್ತಿಗೆ ಒಪ್ಪಿಸಿ, ರೋಗಿಗೂ ಮನೆತನಕ್ಕೂ ಒಂದಿಷ್ಟು ಮರ್ಯಾದೆಯನ್ನು ಉಳಿಸುತ್ತವೆ. ಭೂತರಾಯ-ಚೌಡೇಶ್ವರಿಯ ಗುಡಿಯೂ ದರ್ಗಾವೂ ಒಂದೆಡೆ ಇರುವ ಹಣಗೆರೆಕಟ್ಟೆಗೆ ಹಿಂದೂ ಮುಸ್ಲಿಮರೆನ್ನದೆ ಜನರು ಹರಕೆ ಹೊರುವುದರ ಹಿಂದೆಯೂ ಇಂಥದೇ ನಂಬಿಕೆಯಿದೆ.

ವೈದ್ಯರ ದೃಷ್ಟಿ ಬೆಳೆದ ದಾರಿ ಬೇರೆಯಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹುಚ್ಚಾಸ್ಪತ್ರೆಯ ಮೊದಲ ಕಾಳಜಿ ರೋಗಿಯನ್ನು ಸಮಾಜದಿಂದ ಪ್ರತ್ಯೇಕಿಸಿ ಕಾಯುವುದಾಗಿತ್ತು. 1925ರಲ್ಲಿ ಅದಕ್ಕೆ ‘ಮಾನಸಿಕ ಆಸ್ಪತ್ರೆ’ ಎಂಬ ಹೆಸರು ಬಂದುದು ಕೇವಲ ಫಲಕದ ಬದಲಾವಣೆಯಲ್ಲ. ಒಳಗಿರುವವನು ಹುಚ್ಚನಲ್ಲ, ರೋಗಿ ಎಂಬುದರ ಅಂಗೀಕಾರವದು. ಡಾ. ಎಂ.ವಿ. ಗೋವಿಂದಸ್ವಾಮಿಯವರ ಕಾಲದಲ್ಲಿ ಬೋಧನೆ ಮತ್ತು ಸಂಶೋಧನೆಗಳು ಅಲ್ಲಿ ನೆಲೆಗೊಂಡವು. 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, 1974ರ ನಿಮ್ಹಾನ್ಸ್ ಈ ಬೆಳವಣಿಗೆಯ ಮುಂದಿನ ಹಂತಗಳು. ಆದರೂ ಮಳೆಗಾಲದಲ್ಲಿ ಹಳ್ಳ ದಾಟುವುದೇ ದುಸ್ತರವಾಗಿದ್ದ ಒಂಟಿಮನೆಗಳಿಗೆ ಬೆಂಗಳೂರು ಬಹುದೂರವಾಗಿತ್ತು. ಪಾತ್ರಿ, ಮಂತ್ರವಾದಿ, ನಾಟಿ ವೈದ್ಯರು ಹತ್ತಿರದಲ್ಲಿದ್ದರು.

ಆಗುಂಬೆ ಘಟ್ಟದ ಕೆಳಗಿನ ಕರಾವಳಿಯ ಕೋಟ ಗ್ರಾಮದಲ್ಲಿ ಮನೋವೈದ್ಯರಾದ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿದ ಅಧ್ಯಯನವು 1976ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ವೈದ್ಯ, ಮಂತ್ರವಾದಿ, ಪಾತ್ರಿ ಎಂಬ ಮೂರು ಬಗೆಯ ಚಿಕಿತ್ಸಕರನ್ನು ಅವರು ‘ಮೂಢನಂಬಿಕೆ’ ಎಂದು ಬದಿಗೆ ಸರಿಸದೆ ಅಧ್ಯಯನದ ವಸ್ತುವಾಗಿಸಿದರು. ಜನರು ಆಧುನಿಕ ವೈದ್ಯರನ್ನೂ ಸಾಂಪ್ರದಾಯಿಕ ಚಿಕಿತ್ಸಕರನ್ನೂ ಪರಸ್ಪರ ವಿರೋಧಿಗಳೆಂದು ಭಾವಿಸದೆ ಇಬ್ಬರಲ್ಲಿಗೂ ಹೋಗುತ್ತಿದ್ದರು ಎಂಬುದು ಅಲ್ಲಿ ಕಂಡುಬಂದ ಸಂಗತಿ. ವೈದ್ಯನು ರೋಗಿಯ ಲೋಕವನ್ನು ಅರಿಯಲು ಹೊರಟ ಪ್ರಯತ್ನವಾಗಿ ಇದು ಮಹತ್ವದ್ದು.

ಆದರೆ ಆ ಲೋಕವನ್ನು ಗೌರವಿಸುವುದೆಂದರೆ ಚಿಕಿತ್ಸೆಯ ವಿಳಂಬವನ್ನು ಒಪ್ಪುವುದಲ್ಲ. 2005ರ ಸುಮಾರಿಗೆ ನಿಮ್ಹಾನ್ಸ್‌ನ ಡಾ. ಜಗದೀಶ ತೀರ್ಥಹಳ್ಳಿ ಮತ್ತು ಸಹೋದ್ಯೋಗಿಗಳು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳನ್ನು ಗುರುತಿಸುವ ಕಾರ್ಯ ಕೈಗೊಂಡರು. ಮದ್ದನ್ನೇ ಕಾಣದೆ ಮನೆಯೊಳಗೆ ಉಳಿದಿದ್ದವರು ಅವರಲ್ಲಿದ್ದರು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಔಷಧ ಪಡೆದವರ ಅಸಾಮರ್ಥ್ಯ ಒಂದು ವರ್ಷದಲ್ಲಿ ಗಣನೀಯವಾಗಿ ತಗ್ಗಿತು; ಪಡೆಯದವರ ಸ್ಥಿತಿ ಹೆಚ್ಚುಕಡಿಮೆ ಇದ್ದಂತೆಯೇ ಉಳಿಯಿತು. ಅಸಾಮರ್ಥ್ಯವೆಂಬ ಆ ಶಾಸ್ತ್ರೀಯ ಪದದ ಹಿಂದೆ ಇರುವುದು ಸ್ನಾನ, ಊಟ, ತೋಟದ ಕೆಲಸ, ನಾಲ್ಕು ಜನರೊಡನೆ ಮಾತು. ‘ವಾಸಿಯಾಗದ ರೋಗಿ’ ಎಂದು ಕೈಬಿಡುವ ದೃಷ್ಟಿಗೆ ಈ ನಾಡಿನ ರೋಗಿಗಳೇ ಉತ್ತರವಾದರು.

ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ (ನಿಧನ 2016) ಬರಹ ಮತ್ತು ಚಲನಚಿತ್ರಗಳ ಮೂಲಕ ಮನೋರೋಗದ ವಿಚಾರವನ್ನು ಕನ್ನಡದ ಮನೆಮಾತಿಗೆ ತಂದುದನ್ನೂ ಇಲ್ಲಿ ನೆನೆಯಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿ, ಚಿಕಿತ್ಸೆಯ ವಿಷಯದಲ್ಲಿ ಅವನ ಮಾತಿಗೆ ಕಾನೂನಿನ ಬಲ ನೀಡಿತು.

ಹೀಗೆ ಕಾಯುವ ವೈದ್ಯನಿಂದ ಕೇಳುವ ವೈದ್ಯನವರೆಗೆ ಒಂದು ದೀರ್ಘ ಪಯಣ ಕಾಣುತ್ತದೆ. ‘ಗಾಳಿ ಸೋಕಿದೆ’ ಎಂದು ಹೇಳಿದ ತಾಯಿಯನ್ನು ಗದರಿಸಿ ಕಳುಹಿಸುವ ವೈದ್ಯನು ರೋಗಿಯನ್ನೂ ಕಳೆದುಕೊಳ್ಳುತ್ತಾನೆ. ಹರಕೆಯನ್ನು ತಡೆಯದೆ ಮಾತ್ರೆಯನ್ನು ತಪ್ಪಿಸದಂತೆ ನೋಡಿಕೊಳ್ಳುವ ವೈದ್ಯನಿಗೆ ಎರಡೂ ಲೋಕಗಳ ಬಾಗಿಲು ತೆರೆಯುತ್ತದೆ. ಜನಪದ ಅಧ್ಯಯನವು ವೈದ್ಯಶಾಸ್ತ್ರಕ್ಕೆ ನೆರವಾಗಬಲ್ಲ ಎಡೆಯೂ ಇದೇ ಆಗಿದೆ.