ಎಂಜಿನ್ನಿನ ಮೈಮೇಲಿನ ಕೊಳೆಯೂ ಚರಿತ್ರೆಯೇ

ಅಂಗಡಿಯಿಂದ ತಂದ ಮಾದರಿ ರೈಲು ಎಂಜಿನ್ ಫಳಫಳ ಹೊಳೆಯುತ್ತದೆ. ದಿನವೂ ದುಡಿಯುವ ಎಂಜಿನ್ ಹಾಗೆ ಹೊಳೆಯುವುದುಂಟೇ? ಮಸಿ, ಎಣ್ಣೆ, ದೂಳು, ತುಕ್ಕು ಸೇರಿಯೇ ಅದರ ಮೈಬಣ್ಣ. ಈ ಕೊಳೆಯನ್ನು ಬಣ್ಣದಿಂದಲೇ ಮಾದರಿಯ ಮೇಲೆ ಮೂಡಿಸುವ ಕೆಲಸಕ್ಕೆ 'ವೆದರಿಂಗ್' ಎನ್ನುತ್ತಾರೆ. ಬಂಡೆಗಳ ಶಿಥಿಲೀಕರಣಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು.

ಮೊದಮೊದಲು ಮಾದರಿಗಳೆಲ್ಲ ಹೊಚ್ಚಹೊಸ ಎಂಜಿನ್ನಿನಂತೆಯೇ ಇರುತ್ತಿದ್ದವು. ಇಂಗ್ಲೆಂಡಿನ ಜಾನ್ ಅಹರ್ನ್, ಅಮೆರಿಕದ ಛಾಯಾಗ್ರಾಹಕ ಜಾನ್ ಆಲೆನ್ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ರೂಢಿಯನ್ನು ಬದಲಿಸಿದವರಲ್ಲಿ ಪ್ರಮುಖರು. ಆಲೆನ್ 1973ರ ಜನವರಿಯಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಅವರ ಮಾದರಿ ರೈಲುಮಾರ್ಗವೂ ಬೆಂಕಿಗೆ ಆಹುತಿಯಾಯಿತು.

ಈಗ ರಾಯಚೂರಿಗೆ ಬನ್ನಿ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ಇಲ್ಲಿ ಕೂಡಿದವು. ಮದ್ರಾಸ್ ರೈಲ್ವೆಯ ಈ ಭಾಗ 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಗೆ ಸೇರಿತು. ಉಗಿ ಎಂಜಿನ್ನುಗಳ ಕಾಲದಲ್ಲಿ ದೇವದುರ್ಗ, ಮಾನ್ವಿಗಳಿಗೆ ರೈಲು ಇರಲಿಲ್ಲ. ಆದರೆ ಅಲ್ಲಿನ ಎರೆಭೂಮಿಯಂಥದೇ ನೆಲದ ನಡುವೆ ಹಳಿ ಹಾದಿತ್ತು. ಎರೆಮಣ್ಣು ಹಸಿಯಾದಾಗ ಕಪ್ಪು, ಒಣಗಿ ದೂಳಾದರೆ ಬೂದು. ರಾಯಚೂರಿನ ಎಂಜಿನ್ನಿನ ಚಕ್ರಗಳಿಗೆ ಬರೀ ಕಪ್ಪು ಬಳಿದರೆ ಸಾಲದು.

ಪ್ರತಿಯೊಂದು ಕಲೆಗೂ ಒಂದು ಕಾರಣವಿದೆ. ಬಾಯ್ಲರಿನ ಪಕ್ಕದಲ್ಲಿ ಬಿಳಿ ಗೀರು ಕಂಡರೆ ಅದು ನೀರಿನ ಗುರುತು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ವಿಭಜನೆಯಾಗಿ ಕಾರ್ಬೊನೇಟ್ ಉಳಿಯುತ್ತದೆ. ಸೋರಿದ ನೀರು ಆವಿಯಾದಲ್ಲೆಲ್ಲ ಲವಣ ಅಂಟಿಕೊಳ್ಳುತ್ತದೆ. ನೀರು ಮೆದುವಾಗಿದ್ದರೆ ಗೀರೂ ಕಡಿಮೆ. ಹೊಗೆಪೆಟ್ಟಿಗೆಯ ಬಣ್ಣ ಶಾಖಕ್ಕೆ ಸುಟ್ಟು ಬೂದಿಯಂತಾಗಿ, ಆ ಮೇಲೆ ತುಕ್ಕು ಹಿಡಿಯುತ್ತದೆ.

ಬಹಳ ಮಂದಿ ಎಡವುವುದು ಈ ತುಕ್ಕಿನಲ್ಲೇ. ಕಂದು ಬಣ್ಣ ಕೈಯಲ್ಲಿದ್ದರೆ ಎಲ್ಲೆಲ್ಲೂ ಬಳಿಯುವ ಆಸೆ! ಚಕ್ರಗಳನ್ನು ಜೋಡಿಸುವ ಸರಳುಗಳಿಗೆ ಸದಾ ಎಣ್ಣೆ ಬೀಳುತ್ತದೆ. ಅಲ್ಲಿ ತುಕ್ಕು ತೋರಿಸಿದರೆ ಆ ಎಂಜಿನ್ ಕೆಲಸ ಬಿಟ್ಟು ಗುಜರಿ ಸೇರಿದೆ ಎಂದು ಅರ್ಥ. ಅಳತೆಯ ಮಾತೂ ಇದೆ. 1:76 ಪ್ರಮಾಣದ ಮಾದರಿಯಲ್ಲಿ ಒಂದು ಮಿಲಿಮೀಟರ್ ಚುಕ್ಕೆಯೆಂದರೆ ನಿಜ ಎಂಜಿನ್ನಿನಲ್ಲಿ ಏಳೂವರೆ ಸೆಂಟಿಮೀಟರಿಗೂ ದೊಡ್ಡ ಕಲೆ.

ಹಳೆಯ ಛಾಯಾಚಿತ್ರಗಳನ್ನು ನೋಡಿ ಬಣ್ಣ ಹಚ್ಚಬಹುದಲ್ಲ ಎನ್ನುವಿರಾ? ಅವುಗಳಲ್ಲಿ ಹೆಚ್ಚಿನವು ಕಪ್ಪು ಬಿಳುಪು. ಕಾರ್ಖಾನೆಗಳಂತೂ ಚಿತ್ರ ತೆಗೆಯುವುದಕ್ಕೆಂದೇ ಹೊಸ ಎಂಜಿನ್ನಿಗೆ ಹೊಳಪಿಲ್ಲದ ಬೂದುಬಣ್ಣ ಬಳಿಯುತ್ತಿದ್ದುದುಂಟು. ಅದನ್ನೇ ನಂಬಿದರೆ ಎಂಜಿನ್ ಎಂದೂ ಓಡಿರದ ಬಣ್ಣದಲ್ಲಿ ನಿಲ್ಲುತ್ತದೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಲ್ಲಿ ಆರಂಭವಾಯಿತು. ಇಂಥ ಕಡೆ ಬಯಲಿನಲ್ಲಿ ನಿಂತ ಎಂಜಿನ್ನುಗಳಿಗೆ ಬಣ್ಣ ಬಳಿಯದಿದ್ದರೆ ಕಬ್ಬಿಣ ಉಳಿಯದು. ಬಳಿದರೆ ದುಡಿಮೆಯ ಗುರುತು ಉಳಿಯದು.

ಸಾಮಾನು ಗಾಡಿ ಎಳೆಯಲೆಂದು 1950ರಿಂದ 1970ರವರೆಗೆ ತಯಾರಾದ 'ಡಬ್ಲ್ಯುಜಿ' ಎಂಜಿನ್ನುಗಳೇ 2,450. ಬ್ರಾಡ್‌ಗೇಜಿನಲ್ಲಿ ಉಗಿಯ ನಿತ್ಯಸೇವೆ 1995ರಲ್ಲಿ ಮುಗಿಯಿತು. ಅವುಗಳ ಕುಲುಮೆಗೆ ಕಲ್ಲಿದ್ದಲು ಎಸೆದ ಫೈರ್‌ಮನ್ನರು ಈಗ ಮುದುಕರು. ಯಾವ ನಿಲ್ದಾಣದ ನೀರು ಹೆಚ್ಚು ಬಿಳಿ ಬಿಡುತ್ತಿತ್ತು, ಯಾವ ಕಲ್ಲಿದ್ದಲಿನ ಹೊಗೆ ದಟ್ಟ ಎಂಬುದು ಅವರಿಗೆ ಗೊತ್ತು. ಕುಂಚ ಹಿಡಿಯುವ ಮೊದಲು ಅವರನ್ನು ಕೇಳಿ, ಬರೆದಿಟ್ಟುಕೊಳ್ಳಿ. ಆಮೇಲೆ ತೆಳುವಾಗಿ ಕಲಸಿದ ಕಪ್ಪನ್ನು ಸಂದುಗಳಿಗೆ ಇಳಿಬಿಟ್ಟು, ಒಣಗಿದ ಮೇಲೆ ಬೂದುಬಣ್ಣದ ಸೀಮೆಸುಣ್ಣದ ಪುಡಿಯನ್ನು ಚಕ್ರಗಳ ಸುತ್ತ ಮೆಲ್ಲಗೆ ಉಜ್ಜಿ.